ಕಾಲಿನಿಂದ ಓದುವ ಕಾಕಾ

೩೦-೬-೧೯೭೪, ಭಾನುವಾರ, ಬೆಳಿಗ್ಗೆ ಏಳೂಕಾಲು.

ಶಹಾಬಾದದ ನಮ್ಮ ಕಾಕಾ ಇಂಗ್ಲಿಷನ್ನು ಕಣ್ಣಿನಿಂದ ಓದುವುದಿಲ್ಲ, ಕಾಲಿನಿಂದ ಓದುತ್ತಾರೆ! ನಂಬದವರು ಅವರ ಪಡಸಾಲೆಗೆ ಬಂದು ನೋಡಬಹುದು. ಚಪ್ಪಲಿ ಮಾತ್ರ ಹೊರಗೆ ಬಿಡಬೇಕು.

ಕಾರಣವಿದೆ. ಅವರ ಮಗಳು, ಅಂದರೆ ನನ್ನ ಅಕ್ಕ, ಮಾತಾಡುವಾಗ ತಡವರಿಸುತ್ತಾಳೆ. ಟೀಚರ್ ಟ್ರೈನಿಂಗ್ ಸೀಟಿಗೆ ಗುಲ್ಬರ್ಗದಲ್ಲಿ ಸಂದರ್ಶನ. ಅಲ್ಲಿ ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದಬೇಕು. ಉದ್ದ ಪದ ಬಂದರೆ ಅವಳ ನಾಲಿಗೆ ನಿಂತೇಬಿಡುತ್ತಿತ್ತು. ಕಾಕಾ ಯೋಚಿಸುತ್ತ ನೆಲ ನೋಡಿದರು. ಶಹಾಬಾದದಲ್ಲಿ ನೆಲವೆಂದರೆ ಸಾಲಾಗಿ ಹಾಸಿದ ಪರ್ಸಿ ಕಲ್ಲೇ ಅಲ್ಲವೆ? ಒಂದು ಪರ್ಸಿಗೆ ಪದದ ಒಂದು ತುಂಡು. ಒತ್ತು ಬೀಳುವ ತುಂಡಿಗೆ ಹಿಮ್ಮಡಿಯಿಂದ ಗುದ್ದು. ಎಗ್-ಝಾ-ಮಿ-ನೇ-ಶನ್: ನಾಲ್ಕನೆಯ ಪರ್ಸಿಗೆ ಗುದ್ದು! ಪದಕ್ಕೆ ಮುಂದೆ 'ಅನ್', ಹಿಂದೆ 'ಲಿ' ಅಂಟಿಕೊಂಡಿದ್ದರೆ ಮೊದಲು ತಲೆ, ಬಾಲ ಬಿಡಿಸಿ, ನಡುವಿನದನ್ನಷ್ಟೇ ನಡೆಸಿ, ಆಮೇಲೆ ಜೋಡಿಸಬೇಕು.

ಅವಳೊಬ್ಬಳೇ ನಡೆದರೆ ನಾಚುತ್ತಾಳೆಂದು ಮನೆಮಂದಿಗೆಲ್ಲ ಇದೇ ಶಿಕ್ಷೆ. ಸೇಡಮಿನಿಂದ ಒಂದು ವಾರಕ್ಕೆಂದು ಹೋದ ನನ್ನನ್ನೂ ಬಿಡಲಿಲ್ಲ. ನನ್ನ ಡೈರಿಯ ಲೆಕ್ಕದಲ್ಲಿ ಆ ವಾರ ಅತಿ ಹೆಚ್ಚು ಗುದ್ದು ತಿಂದದ್ದು ಅಡುಗೆಮನೆಯ ಹಾದಿಯ ಪರ್ಸಿ. ಬ್ಯಾಳಿ ಪಾತ್ರೆ ಹಿಡಿದು ನಿಂತ ಕಾಕಿ ಹೇಳಿದರು:

"ಒಲಿ ಹತ್ರ ಹೋಗಬೇಕಂದ್ರ ನಿಮ್ಮ ರೆಸ್ಪಾನ್ಸಿಬಿಲಿಟಿ ಪೂರಾ ದಾಟಬೇಕಾಗ್ಯದ. ಇನ್ನಷ್ಟು ಗಿಡ್ಡ ಮಾತು ಇಲ್ಲೇನ್ರಿ ಇಂಗ್ಲಿಷಿನಾಗ?"

ವಾಡಿಯ ಬೀಗರು ಬಂದಾಗಲಂತೂ ನೀರು ಕೊಡುವ ಮೊದಲೇ ಕಾಕಾ, "ಸ್ವಲ್ಪ ಈ ಕಡಿ ಬರ್ರಿ, ನೀವು ಒತ್ತಿನ ಮ್ಯಾಲೆ ನಿಂತೀರಿ" ಎಂದರು. ಬೀಗರು ಹಾವು ತುಳಿದವರಂತೆ ಜಿಗಿದರು.

ಸಂದರ್ಶನದ ದಿನ ಕಾಕಾ, ನಾನು ಬಾಗಿಲಾಚೆ ನಿಂತಿದ್ದೆವು. ಅಕ್ಕ ಓದಿದಳು, ಒಂದು ಪದಕ್ಕೂ ಎಡವಲಿಲ್ಲ. ಕಾಕಾ ಮೀಸೆ ತಿರುವಿದರು. ಆಗ ಒಳಗೆ ಯಾರೋ ಕನ್ನಡದಲ್ಲೇ ಕೇಳಿದರು, ತಂದೆಯ ಹೆಸರೇನೆಂದು.

ಅಕ್ಕನ ನಾಲಿಗೆ ನಿಂತೇಬಿಟ್ಟಿತು. ಅದನ್ನು ನಾವು ಅಭ್ಯಾಸ ಮಾಡಿಸಿರಲೇ ಇಲ್ಲ!

ಹೇಳಿಕೊಡಲು ಕಾಕಾ ಬಾಗಿಲಿನತ್ತ ವಾಲಿದರು. ತಮ್ಮನ್ನು ತಾವೇ ತಡೆದುಕೊಂಡರು. ಒಳಗೂ ಯಾರೂ ಅವಸರ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ ಹೆಸರು ಬಂತು, ಪೂರ್ತಿಯಾಗಿ.

ಅಕ್ಕ ತಲೆ ತಗ್ಗಿಸಿ ಹೊರಬಂದಳು.

"ತಪ್ಪು ನಿಂದಲ್ಲವ್ವ," ಎಂದರು ಕಾಕಾ. "ನಮ್ಮಪ್ಪ ನನಗ ಇಷ್ಟುದ್ದ ಹೆಸರು ಇಡಬಾರದಿತ್ತು."

ಅವಳು ನಕ್ಕಳು. ಸ್ಟೇಷನ್ನಿನ ದಾರಿಯಲ್ಲಿ ಅವರು ಮತ್ತೆ ಮೆಲ್ಲಗೆ ಹೇಳಿದರು: "ಎಷ್ಟು ಹೊತ್ತು ಬೇಕಾದ್ರೂ ತಗೋ. ನಾ ನಿಂತಿರ್ತೀನಿ."

ಸೀಟಿನ ಸುದ್ದಿ ಇನ್ನೂ ಬಂದಿಲ್ಲ. ತಡವರಿಸುವವರಿಗೆ ಬೇರೆ ಉಪಾಯ ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಪತ್ರ ಅಕ್ಕನ ಹೆಸರಿಗೇ ಇರಲಿ. ಮನೆಯಲ್ಲಿ ಈಗ ಪತ್ರಗಳನ್ನು ಗಟ್ಟಿಯಾಗಿ ಓದುವವಳು ಅವಳೇ.