ಅಪ್ರದಕ್ಷಿಣೆ ಹಾಕಿದ ಬೈರಿಗೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಇವತ್ತು ಸಂಜೆ ತೊಟ್ಟಿಲಿಗೂ ಹಾಕಿದೆವು. ಇದನ್ನು ಮೊದಲು ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತಿತ್ತು. ಮೂಗು ನನ್ನದೇ. ಕಿವಿ ಬೀಗರ ಕಡೆಯದು, ಇರಲಿ, ಕೂದಲು ಬಂದಮೇಲೆ ಮುಚ್ಚಿಹೋಗುತ್ತದೆ.

ಸೀಮೆ ಅನ್ನುವ ಮಾತಿಗೆ ನಾನು ಮೊದಲಿನಿಂದಲೂ ಮರುಳು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಹೆಸರಿನ ಮುಂದೆ ಸೀಮೆ ಇದ್ದರೆ ಸಾಕು, ಕೈಮುಗಿಯುತ್ತೇನೆ. ನಾನು ಓದಿದ್ದು ಮರಳಲ್ಲಿ ಅಕ್ಷರ ತಿದ್ದುವಷ್ಟು. ಸೀಮೆ ಎಲ್ಲಿದೆಯೋ ಗೊತ್ತಿಲ್ಲ, ಗುಮ್ಮಳಾಪುರ ದಾಟಿ ಇನ್ನೂ ಆಚೆ ಇರಬೇಕು. ಹಲಸಿನ ಮರದ ತೊಟ್ಟಿಲಿಗೆ ಸರಪಳಿಯ ತೂತು ಕೊರೆಯುವಾಗ ಆಚಾರಿಯ ಬೈರಿಗೆ ಮುರಿದುಹೋಯಿತು. ಸಂಜೆಗೇ ಶಾಸ್ತ್ರ, ನೆಂಟರೆಲ್ಲ ಬಂದು ಕೂತಿದ್ದಾರೆ. ಪುಣ್ಯಕ್ಕೆ, ಬೆಂಗಳೂರಿನ ಕಾರ್ಖಾನೆಯಲ್ಲಿರುವ ಅಳಿಯ ಒಂದು ಕರೆಂಟಿನ ಬೈರಿಗೆ ತಂದಿದ್ದರು, ಅದೂ ಸೀಮೆಯದು! ಯುದ್ಧ ಮುಗಿದಮೇಲೆ ಮಿಲಿಟರಿಯವರು ಹರಾಜು ಹಾಕಿದ್ದಂತೆ. ಮೈಯೆಲ್ಲ ಗ್ರೀಸು. ಮಗುವಿನ ತೊಟ್ಟಿಲಿಗೆ ಇಂಥ ಮೈಲಿಗೆಯೇ ಎಂದು ಹುಣಸೇಹಣ್ಣು, ಬೂದಿ ಹಾಕಿ ದೀಪದ ಕಂಬದ ಹಾಗೆ ಉಜ್ಜಿ, ಕುಂಕುಮ ಇಟ್ಟೆ.

ಕರೆಂಟು ಇದ್ದದ್ದು ನನ್ನ ತಮ್ಮನ ಅಕ್ಕಿ ಮಿಲ್ಲಿನಲ್ಲಿ. ಅಲ್ಲಿಗೆ ತೊಟ್ಟಿಲು ಹೊತ್ತುಕೊಂಡು ಹೋದೆವು. ಬೈರಿಗೆ ಗುರ್ರೆಂದು ತಿರುಗಿತು, ಹೊಗೆ ಬಂತು. ತೂತು ಮಾತ್ರ ಬೀಳಲಿಲ್ಲ.

"ಜಪಾನ್ ಮಾಲು ಕಣಕ್ಕ! ಸದ್ದು ಜಾಸ್ತಿ, ಕೆಲ್ಸ ಇಲ್ಲ," ಎಂದ ತಮ್ಮ.

"ಸುಮ್ಕಿರ್ಲಾ! ನಮ್ಮ ಅಳಿಯಂದ್ರು ತಂದಿರೋದು ಜರ್ಮನೀದೇ," ಎಂದೆ ನಾನು.

ಅಳಿಯಂದಿರು ಬೆವರು ಒರೆಸಿಕೊಂಡರು. ನಾನು ಬಗ್ಗಿ ನೋಡಿದೆ. "ಅಯ್ಯೋ ನಿಲ್ಸಿ! ಅದು ಅಪ್ರದಕ್ಷಿಣೆ ಹಾಕ್ತಾ ಅದೆ! ಮಗೀನ ತೊಟ್ಲಿಗೆ ಎಡಸುತ್ತು ಸುತ್ತೋದಾ? ಬಲಕ್ಕೆ ತಿರುಗ್ಸಿ!"

ತಮ್ಮ ಬಿದ್ದು ಬಿದ್ದು ನಕ್ಕ. "ಮಿಸೀನಿಗೂ ಮಡಿ ಹೇಳ್ಕೊಡ್ತೀಯಾ?"

ಅಳಿಯಂದಿರು ಮಾತ್ರ ನಗಲಿಲ್ಲ. ಹಣೆ ಚಚ್ಚಿಕೊಂಡು, ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿದರು. ಬೈರಿಗೆ ಬಲಕ್ಕೆ ತಿರುಗಿತು. ಹಲಸನ್ನು ಬೆಣ್ಣೆಯಂತೆ ಕೊರೆಯಿತು! "ತಂತಿ ತಿರುಗಾಮುರುಗಾ ಕೊಟ್ಟಿದ್ದೆ ಅತ್ತೆ, ಅದ್ಕೇ ಅದು ಹಿಂದಕ್ಕೆ ತಿರುಗ್ತಿತ್ತು," ಎಂದರು. ನನಗೆ ತಂತಿಯ ವಿಷಯ ಬೇಡ, ದೇವರ ಕಡೆಯಿಂದ ನೋಡಿದರೂ ನಾನು ಹೇಳಿದ್ದೇ ಸರಿ.

"ನೋಡ್ದೇನ್ಲಾ ಜರ್ಮನೀನ!" ಎಂದು ಬೀಗಿದೆ. ತಮ್ಮ ಬಿಡುವವನೇ? ಕುಂಕುಮ ಒರೆಸಿ ಬರೆದಿರುವುದನ್ನು ಓದಿ ಎಂದು ಅಳಿಯಂದಿರಿಗೆ ಗಂಟುಬಿದ್ದ. ಅವರು ಓದಿದರು: "ಮೇಡ್ ಇನ್..." ಅಷ್ಟೇ. ಮುಂದಿನ ಅಕ್ಷರಗಳೆಲ್ಲ ನನ್ನ ಹುಣಸೇಹಣ್ಣಿಗೆ ಕರಗಿಹೋಗಿದ್ದವು.

ಮಗು ತೊಟ್ಟಿಲಲ್ಲಿ ಮಲಗಿತು, ನಾವೆಲ್ಲ ಸಾಲಾಗಿ ಊಟಕ್ಕೆ ಕೂತೆವು. ಮಿಲ್ಲಿಗೆ ಓಡುವ ಗಡಿಬಿಡಿಯಲ್ಲಿ ನಾನು ಬೇಯಿಸಿದ್ದ ಹೋಳಿಗೆ ಸ್ವಲ್ಪ ಸೀದಿತ್ತು. ತಮ್ಮ ಒಂದನ್ನು ಎತ್ತಿ ಹಿಡಿದು ದೀಪದ ಬೆಳಕಿಗೆ ತಿರುಗಿಸಿ ನೋಡಿದ. "ಅಕ್ಕಾ, ಹೊಗೆ ವಾಸ್ನೆ ಬತ್ತಾ ಅದೆ. ಇದು ಯಾವ ದೇಸದ್ದು?"

"ಜರ್ಮನೀದು ಕಣ್ಲಾ," ಎಂದು ತುಪ್ಪ ಸುರಿದೆ. "ಹೆಸ್ರು ತೊಳ್ದೋಗದೆ. ಸುಮ್ಕೆ ತಿನ್ನು."