ಹನ್ನೆರಡು ಪದಗಳ ಷಟ್ಪದಿ

ದೇಶದ ಹಣಕಾಸಿನ ಸ್ಥಿತಿಗತಿಯನ್ನು ನಾನು ಪ್ರತಿದಿನ ಬೆಳಿಗ್ಗೆ ಆಲ್ಕೊಳ ಸರ್ಕಲ್ಲಿನ ಟೀ ಅಂಗಡಿಯಲ್ಲಿ ವಿವರಿಸುತ್ತಿದ್ದೆ. ನಾನು ನಿವೃತ್ತ ಕನ್ನಡ ಪಂಡಿತ, ಅರ್ಥಶಾಸ್ತ್ರ ಓದಿದವನಲ್ಲ. ಆದರೆ ಬಜೆಟ್ಟಿನ ತಪ್ಪು, ತೆರಿಗೆಯ ಅನ್ಯಾಯ, ಯಾವ ಪಕ್ಷ ಬಂದರೂ ನಮ್ಮ ಜೇಬಿಗೇ ಕೈ ಹಾಕುವ ಪರಿ, ಇವನ್ನೆಲ್ಲ ಹೇಳಲು ಓದಿರಬೇಕೆಂದೇನೂ ಇಲ್ಲ. ಕೇಳುವವರಿಗೆ ಪುರುಸೊತ್ತಿದ್ದರೆ ಸಾಕು.

ಹೀಗಿರುವಾಗ ಭದ್ರಾವತಿಯಿಂದ ತಂಗಿ ಗಿರಿಜೆ ಬಂದು ನನ್ನ ಕೈಗೆ ಅರವತ್ತು ಸಾವಿರ ರೂಪಾಯಿ ಕೊಟ್ಟಳು. ಗಂಡನ ಕಾರ್ಖಾನೆ ಕೆಲಸ ಹೋದ ಮೇಲೆ ಅವಳ ಮನೆ ನಡೆಯುತ್ತಿದ್ದುದೇ ಹೊಲಿಗೆಯಿಂದ. ಇದ್ದದ್ದು ಕಾಲಲ್ಲಿ ತುಳಿಯುವ ಹಳೆಯ ಮೆಷೀನು, ಅದರ ಮೇಲೆ ಮಂಡಿನೋವು. ಮಾಘದ ಮದುವೆಗಳ ಹೊತ್ತಿಗೆ ಕಸೂತಿ ಹಾಕುವ ಮೋಟರ್ ಮೆಷೀನು ಕೊಳ್ಳಬೇಕೆಂದು ವರ್ಷಗಟ್ಟಲೆ ಕೂಡಿಟ್ಟಿದ್ದ ಹಣ ಅದು. ಮನೆಯಲ್ಲಿದ್ದರೆ ಖರ್ಚಾಗುತ್ತದೆಂಬ ಭಯ ಅವಳಿಗೆ.

"ನಿನ್ನ ಬ್ಯಾಂಕಲ್ಲಿ ಇಟ್ಟಿರು ಅಣ್ಣ. ಮಾಘಕ್ಕೆ ತಗೋತೀನಿ" ಅಂದಳು.

ಬ್ಯಾಂಕು! ಅದರ ಬಡ್ಡಿಯನ್ನು ನಾನೇ ಟೀ ಅಂಗಡಿಯಲ್ಲಿ ಎಷ್ಟು ಸಲ ಬೈದಿಲ್ಲ? ಯಾವುದೋ ವಿಡಿಯೋ ನೋಡಿ ಅಷ್ಟನ್ನೂ ಡಿಜಿಟಲ್ ನಾಣ್ಯಕ್ಕೆ ಹಾಕಿದೆ. ಒಂದರ ಬದಲು ಎರಡು ಮೆಷೀನು ಕೊಡಿಸಿ ತಂಗಿಯನ್ನು ಬೆರಗುಗೊಳಿಸುವುದು ನನ್ನ ಘನವಾದ ಯೋಜನೆಯಾಗಿತ್ತು.

ಈ ನಾಣ್ಯ ಕಣ್ಣಿಗೆ ಕಾಣುವುದಲ್ಲ. ಮೊಬೈಲಿನೊಳಗೊಂದು ತಿಜೋರಿ, ಅದಕ್ಕೆ ಬೀಗದ ಕೈಯಾಗಿ ಹನ್ನೆರಡು ಇಂಗ್ಲಿಷ್ ಪದಗಳು. ಮೊಬೈಲು ಹಾಳಾದರೆ ಆ ಪದಗಳೇ ಗತಿ, ಕಾಗದದಲ್ಲಿ ಬರೆದು ಭದ್ರವಾಗಿಡಿ ಎಂಬ ಎಚ್ಚರಿಕೆಯೂ ಇತ್ತು. ಕಾಗದವೇ? ಕಾವ್ಯಗಳನ್ನೇ ಬಾಯಲ್ಲಿ ಉಳಿಸಿಕೊಂಡು ಬಂದ ಪರಂಪರೆ ನಮ್ಮದು! ಪದಗಳನ್ನು ಪದ್ಯ ಮಾಡಲು ಕೂತೆ. ಆರು ಸಾಲಿನ ಷಟ್ಪದಿ, ಸಾಲಿಗೆ ಎರಡು ಪದ. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕು, ಅದೇ ಪ್ರಾಸ. ಹುಡುಕಿದರೆ ಲೆಮನ್, ವುಮನ್, ಟೊಮೆಟೊ, ಕ್ಯಾಮರಾ, ಫೇಮಸ್, ಹ್ಯಾಮರ್. ಆರರಲ್ಲೂ ಮಕಾರ! ಅಲ್ಲೊಂದು ಇಲ್ಲೊಂದು ಚೆದುರಿದ್ದ ಅವನ್ನೆಲ್ಲ ಎತ್ತಿ ಸಾಲಿನ ಮೊದಲಿಗೆ ತಂದೆ. ಲಯಕ್ಕೆ ಒಗ್ಗದ ಒಂದೆರಡು ಪದ ತೆಗೆದು, ಅದೇ ಭಾವದ ಬೇರೆ ಪದ ಕೂರಿಸಿದೆ. ಹ್ರಸ್ವ ದೀರ್ಘದ ಸಣ್ಣ ದೋಷವನ್ನು ಕವಿಯ ಸ್ವಾತಂತ್ರ್ಯಕ್ಕೆ ಬಿಟ್ಟೆ.

ವಿನೋಬನಗರದ ನಮ್ಮ ಮನೆಯಲ್ಲಿ ದಿನವೂ "ಲೆಮನ್ ಟೈಗರ್, ವುಮನ್ ವಿಂಟರ್" ಎಂದು ರಾಗವಾಗಿ ಹಾಡತೊಡಗಿದೆ. ಗಿರಿಜೆ ಬಂದಿದ್ದಾಗಲೂ ಹಾಡಿದೆ. ಇದರ ಅರ್ಥ ಏನೆಂದು ಅವಳು ಕೇಳಿದಳು.

"ಅರ್ಥ ಇದರೊಳಗೇ ಇದೆ ಕಣೇ" ಎಂದು ಮೀಸೆಯಲ್ಲೇ ನಕ್ಕೆ.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಹಾಡುತ್ತ, ನೀರಿನ ಹದ ನೋಡಲು ಬಗ್ಗಿದೆ. ಅಂಗಿ ಜೇಬಿನಿಂದ ಮೊಬೈಲು ಜಾರಿ ಬಿಸಿನೀರಿನ ಬಕೀಟಿಗೆ ಬಿತ್ತು. ನಾನು ಧೃತಿಗೆಡಲಿಲ್ಲ. ಹೊಸ ಮೊಬೈಲು ತಂದು, ಗಂಟಲು ಸರಿಮಾಡಿಕೊಂಡು, ಹಾಡುತ್ತ ಹಾಡುತ್ತ ಪದಗಳನ್ನು ತುಂಬಿದೆ. ತಪ್ಪು ಎಂದಿತು ತಿಜೋರಿ. ಇನ್ನೂ ಸುಶ್ರಾವ್ಯವಾಗಿ ಹಾಡಿದೆ. ಮತ್ತೆ ತಪ್ಪು! ಹಾಳಾದ್ದು, ಆಗ ಎಚ್ಚರಿಕೆಯ ಉಳಿದ ಭಾಗ ನೆನಪಾಯಿತು. ಕೊಟ್ಟ ಪದಗಳೇ, ಕೊಟ್ಟ ಕ್ರಮದಲ್ಲೇ ಇರಬೇಕು. ನನ್ನ ತಲೆಯಲ್ಲಿ ಉಳಿದಿದ್ದುದು ತಿದ್ದಿದ ಪ್ರತಿ ಮಾತ್ರ.

ಹೆಂಡತಿ ಸರೋಜಳನ್ನು ಹಿಡಿದೆ. ಪದ್ಯ ಕಟ್ಟುವ ಮುಂಚೆ ಆ ಪದಗಳನ್ನು ಅವಳ ಎದುರಿಗೇ ಗಟ್ಟಿಯಾಗಿ ಓದಿದ್ದೆನಲ್ಲ, ಏನಾದರೂ ನೆನಪಿದೆಯೇ ಎಂದು ಕೇಳಿದೆ.

"ನೀವು ಹೇಳಿದ್ದನ್ನೆಲ್ಲ ನೆನಪಿಟ್ಕೊಂಡಿದ್ರೆ ಇಷ್ಟು ವರ್ಷ ಸಂಸಾರ ಮಾಡೋಕೆ ಆಗ್ತಿತ್ತೇನ್ರೀ?" ಅಂದಳು.

ಟೀ ಅಂಗಡಿಯ ಗೆಳೆಯ ರುದ್ರಪ್ಪ ನಿವೃತ್ತ ಗಣಿತದ ಮೇಷ್ಟ್ರು. ಅವನ ಹತ್ತಿರ ಓಡಿದೆ. ಪೂರ್ತಿ ಕೇಳಿ ಅವನು ಟೀ ಲೋಟ ಕೆಳಗಿಟ್ಟ.

"ಕ್ರಮ ಒಂದೇ ತಪ್ಪಿದ್ರೆ ಕಂಪ್ಯೂಟರಲ್ಲಿ ಹುಡುಕಿಸಬಹುದಿತ್ತು ಮಾರಾಯ. ನೀನು ಪದಾನೇ ಬದಲಾಯಿಸಿದ್ದೀಯ. ಇನ್ನು ಕೋಟಿ ಕೋಟಿ ಸಲ ಹುಡುಕಬೇಕು" ಅಂದ.

ಜೀವಮಾನದಲ್ಲಿ ಮೊದಲ ಸಲ ನನ್ನ ಹಣದ ಜೊತೆ ಕೋಟಿ ಎಂಬ ಮಾತು ಸೇರಿತು.

ಸ್ಕೂಟರು ಮಾರಿ, ಬಂದ ಹಣ ಜೇಬಿಗಿಟ್ಟು ಭದ್ರಾವತಿ ಬಸ್ಸು ಹತ್ತಿದೆ. ಅದು ಗಿರಿಜೆಯ ಹಣದ ಅರ್ಧಕ್ಕೂ ಸಾಲದು. ಹಳೇನಗರದ ಮನೆಯಲ್ಲಿ ಅವಳು ಮೆಷೀನು ತುಳಿಯುತ್ತಿದ್ದಳು. ಎಲ್ಲ ಹೇಳಿದೆ. ಸ್ಕೂಟರಿನ ಹಣ ಅವಳ ಮುಂದಿಟ್ಟೆ. ಮೆಷೀನಿನ ಸದ್ದು ನಿಂತಿತು.

"ಬ್ಯಾಂಕಲ್ಲಿ ಇಡು ಅಂದಿದ್ದೆ ಅಣ್ಣ" ಅಂದಳು. ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾಘ ಬಂದು ಹೋಯಿತು, ಹೊಸ ಮೆಷೀನು ಬರಲಿಲ್ಲ. ಕಸೂತಿ ರವಿಕೆಗಳೆಲ್ಲ ಬೇರೆಯವರ ಪಾಲಾದವು. ಉಳಿದ ಹಣವನ್ನು ಪಿಂಚಣಿಯಿಂದ ತಿಂಗಳು ತಿಂಗಳು ತೀರಿಸುತ್ತಿದ್ದೇನೆ, ಬ್ಯಾಂಕಿನ ಮೂಲಕ. ಟೀ ಅಂಗಡಿಗೆ ನಡೆದೇ ಹೋಗುತ್ತೇನೆ. ಬಜೆಟ್ಟಿನ ಬಗ್ಗೆ ಯಾರಾದರೂ ಕೇಳಿದರೆ ಸಕ್ಕರೆ ಕಡಿಮೆ ಹಾಕಿ ಎನ್ನುತ್ತೇನೆ. ಡಿಜಿಟಲ್ ನಾಣ್ಯದ ಲಾಭಕ್ಕೆ ಎಂಥ ತೆರಿಗೆ ಎಂದು ಕೂಗಾಡಿದವನು ನಾನೇ. ಈಗ ಸರ್ಕಾರಕ್ಕೆ ನನ್ನಿಂದ ಬಿಡಿಗಾಸೂ ಸಿಗದ ಹಾಗೆ ಮಾಡಿದ್ದೇನೆ!

ಮೊನ್ನೆ ಹೋದಾಗ ಗಿರಿಜೆ ಸೂಜಿಗೆ ದಾರ ಪೋಣಿಸುತ್ತ, ಆ ಪದ್ಯ ಇನ್ನೊಮ್ಮೆ ಹೇಳು ಅಂದಳು. ತಗ್ಗಿದ ದನಿಯಲ್ಲಿ ಹೇಳಿದೆ.

"ಪ್ರಾಸ ಚೆನ್ನಾಗಿ ಕೂತಿದೆ ಅಣ್ಣ" ಅಂದಳು. "ಅರ್ಥ ಹೋಯ್ತು, ಅಷ್ಟೇ."

ಜೀವನವಿಡೀ ಮಕ್ಕಳಿಂದ ಪದ್ಯದ ಸಾರಾಂಶ ಬರೆಸಿದವನು ನಾನು. ಇಷ್ಟು ಸರಿಯಾಗಿ ಯಾವ ವಿದ್ಯಾರ್ಥಿಯೂ ಬರೆದಿರಲಿಲ್ಲ.