ತಾಟು ತೋರಿಸ್ರಿ!

ಆಪರೇಷನ್ನಿನಲ್ಲಿ ರೋಗಿಗೆ ಏನು ಕೆಲಸ? ಕೊಯ್ಯುವವರು ಡಾಕ್ಟರು, ಹೊಲಿಯುವವರೂ ಡಾಕ್ಟರು. ನಾವು ಸುಮ್ಮನೆ ಮಲಗಿದರಾಯಿತು. ಮಲಗುವುದರಲ್ಲಿ ನನ್ನನ್ನು ಸೋಲಿಸುವವರು ಇಡೀ ಬನಹಟ್ಟಿಯಲ್ಲಿ ಇಲ್ಲ! ಈ ಧೈರ್ಯದ ಮೇಲೆಯೇ ನಾನು ತೂಕ ಇಳಿಸುವ ಆಪರೇಷನ್ನಿಗೆ ಹೊರಟೆ.

ಸೀರೆ ಅಂಗಡಿಯ ಗಾದಿಯ ಮೇಲೆ ಕುಳಿತೂ ಕುಳಿತೂ ನಾನು ನಾಲ್ಕೂ ದಿಕ್ಕಿಗೆ ಬೆಳೆದಿದ್ದೆ. ಬೆಳೆದರೆ ಬೆಳೆಯಲಿ ಎಂದು ಬಿಟ್ಟೂ ಬಿಟ್ಟಿದ್ದೆ. ಆದರೆ ನಿದ್ದೆಯಲ್ಲಿ ನನ್ನ ಗೊರಕೆ ಒಮ್ಮೊಮ್ಮೆ ನಿಂತುಹೋಗುತ್ತಿತ್ತು. ಗೊರಕೆಯ ಜೊತೆ ಉಸಿರೂ! ಆಗೆಲ್ಲ ನನ್ನ ಹೆಂಡತಿ ಸುವರ್ಣಾ ಗಾಬರಿಬಿದ್ದು ನನ್ನನ್ನು ಅಲುಗಾಡಿಸಿ ಎಬ್ಬಿಸುತ್ತಿದ್ದಳು. ಆಕೆ ನೆಟ್ಟಗೆ ನಿದ್ದೆ ಮಾಡಿ ವರ್ಷಗಳೇ ಆಗಿದ್ದವು. ಜಮಖಂಡಿಯ ಡಾಕ್ಟರು ಪರೀಕ್ಷೆ ಮಾಡಿ, "ಹಿಂಗ ಬಿಟ್ರ ಒಂದಿನ ಉಸುರು ತಿರುಗಿ ಬರೂದಿಲ್ರಿ" ಎಂದು ಹೇಳಿ, ಬೆಳಗಾವಿಯ ಒಬ್ಬ ಸರ್ಜನ್ ಹತ್ತಿರ ಕಳಿಸಿದರು.

ಸರ್ಜನ್ ದೇವರಂಥವರು. ಆದರೆ ಗುಡಿಯ ಬಾಗಿಲಲ್ಲಿ ಅವರ ಆಫೀಸಿನ ಮ್ಯಾಡಮ್ ಕುಳಿತಿದ್ದರು! ಎಷ್ಟು ಫೋನ್ ಮಾಡಿದರೂ ಎತ್ತಲಿಲ್ಲ. ಕೊನೆಗೆ ಬೇಸತ್ತು, ಗಂಡ ಹೆಂಡತಿ ಬಸ್ಸು ಹತ್ತಿ ಹೋಗಿ ಅವರ ಮುಂದೆ ನಿಂತೆವು.

"ಫೋನ್ ಮಾಡಿ ಬರಬೇಕು ಅನ್ನೂದು ಗೊತ್ತಿಲ್ಲೇನ್ರಿ?" ಎಂದರು ಮ್ಯಾಡಮ್.

"ಮಾಡಿದ್ವಿರಿ. ನೀವು ಎತ್ತಲಿಲ್ರಿ."

"ಎತ್ತಲಿಲ್ಲ ಅಂದ್ರ ಮತ್ತ ಮಾಡಬೇಕ್ರಿ!"

ಅಂತೂ ಸಂಜೆಯ ಹೊತ್ತಿಗೆ ಸರ್ಜನ್ ದರ್ಶನವಾಯಿತು. ನನ್ನ ಲಿವರ್ ಕೊಬ್ಬಿನಿಂದ ಊದಿಕೊಂಡಿದೆಯಂತೆ. ಆಪರೇಷನ್ನಿನ ತನಕ ತೆಳ್ಳನೆಯ ಮಜ್ಜಿಗೆ, ಬೇಳೆ ಕಟ್ಟು ಇಂಥವನ್ನೇ ಕುಡಿದು ಸ್ವಲ್ಪ ತೂಕ ಇಳಿಸಿಕೊಂಡು ಬಂದರೆ ಮಾತ್ರ ಕೈ ಹಚ್ಚುತ್ತಾರಂತೆ. ತೂಕ ಇಳಿಯಲೆಂದು ಆಪರೇಷನ್, ಆಪರೇಷನ್ ಆಗಬೇಕಾದರೆ ಮೊದಲು ತೂಕ ಇಳಿಯಬೇಕು! ಆಗಲಿ ಎಂದು ತಲೆಯಾಡಿಸಿ ಊರಿಗೆ ಬಂದೆವು.

ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಹೋಗಿತ್ತು. ತೇರದಾಳದಿಂದ ತಂಗಿ ಗಂಗವ್ವನ ಫೋನ್ ಬಂತು.

"ಅಣ್ಣಾ, ಹೊಟ್ಟಿ ಕೊಯ್ದು ಸಣ್ಣದು ಮಾಡತಾರಂತಲ್ಲೋ! ಇನ್ನ ಈ ಜನ್ಮದಾಗ ನಾಕ ಹೋಳಿಗಿ ಒಮ್ಮೆಲೆ ಉಣ್ಣಾಕ ಆಗೂದಿಲ್ಲ. ಒಂದ ಸಲ ಬಂದು ಉಂಡು ಹೋಗೋ."

ನಮ್ಮ ಕಡೆ ಮದುವೆ ಗೊತ್ತಾದ ಹುಡುಗನನ್ನು ಬೀಗರು ಬಿಜ್ಜರೆಲ್ಲ ಸರದಿಯ ಮೇಲೆ ಊಟಕ್ಕೆ ಕರೆಯುತ್ತಾರೆ. ಈಗ ಆ ಮರ್ಯಾದೆ ನನ್ನ ಹೊಟ್ಟೆಗೆ ಸಿಕ್ಕಿತು! ತೇರದಾಳದಲ್ಲಿ ಹೋಳಿಗೆ, ಮುಧೋಳದ ಕಾಕಾನ ಮನೆಯಲ್ಲಿ ಕರಿಗಡಬು. ಸುವರ್ಣಾಳಿಗೆ ಮಾತ್ರ ಎಲ್ಲ ಕಡೆಯೂ ವ್ಯಾಪಾರದ ಕೆಲಸ ಎಂದು ಹೇಳಿ ಹೋಗುತ್ತಿದ್ದೆ. ಡಾಕ್ಟರ ಮಾತನ್ನು ನಾನು ಮೀರಲಿಲ್ಲ, ಅದು ಬೇರೆ ವಿಷಯ. ಕುಡಿಯುವಂಥದ್ದೇ ತಗೊಳ್ಳಿ ಎಂದಿದ್ದರು. ಹಾಲು ಕುಡಿಯುವಂಥದ್ದೇ, ಕಾಯಿಸಿದ ತುಪ್ಪವೂ ಕುಡಿಯುವಂಥದ್ದೇ. ಅವುಗಳಲ್ಲಿ ಹೋಳಿಗೆ ನೆನೆದಿದ್ದರೆ ಅದು ನನ್ನ ತಪ್ಪೇ? ಮನೆಗೆ ಬಂದು ಸುವರ್ಣಾ ಕೊಟ್ಟ ಮಜ್ಜಿಗೆಯನ್ನೂ ಭಕ್ತಿಯಿಂದ ಕುಡಿಯುತ್ತಿದ್ದೆ.

ಆಪರೇಷನ್ನಿಗೆ ಗೊತ್ತು ಮಾಡಿದ ದಿನ ಬಂತು. ಆಸ್ಪತ್ರೆಗೆ ಬರಿಗೈಯಲ್ಲಿ ಹೋಗುವುದು ಹೇಗೆಂದು ಮುಧೋಳದ ಆಲೆಮನೆಯಿಂದ ಒಂದು ದೊಡ್ಡ ಬೆಲ್ಲದ ಪೆಂಟೆ ತಂದು ಮ್ಯಾಡಮ್ ಮೇಜಿನ ಮೇಲಿಟ್ಟೆ. ತೂಕ ಇಳಿಸಲು ಬಂದು ಕುಳಿತವರೆಲ್ಲ ಅದನ್ನೇ ನೋಡತೊಡಗಿದರು.

"ಏನ್ರಿ ಇದು?"

"ನಮ್ಮ ಕಡೀ ಬೆಲ್ಲ ರಿ. ಭಾಳ ಛಲೋ ಇರತೈತ್ರಿ."

"ಮೊದಲ ತೂಕದ ಕಾಟಾ ಮ್ಯಾಲೆ ನಿಂದರ್ರಿ."

ನಿಂತೆ. ಮ್ಯಾಡಮ್ ಕನ್ನಡಕ ಏರಿಸಿ ನೋಡಿದರು. ಕನ್ನಡಕ ಇಳಿಸಿಯೂ ನೋಡಿದರು.

"ಇಳೀಬೇಕಾಗಿತ್ತು. ಏರೇತಿ! ಆಪರೇಷನ್ ಕ್ಯಾನ್ಸಲ್. ಏನ್ ಉಂಡೀರಿ, ಖರೆ ಹೇಳ್ರಿ."

ಹೋಳಿಗೆ, ಕರಿಗಡಬು ಎಲ್ಲವೂ ಬಾಯಿಂದ ಹೊರಬಿದ್ದವು. ಸುವರ್ಣಾ ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಆಕೆ ಅಲ್ಲೇ ಬೆಂಚಿನ ಮೇಲೆ ಕುಸಿದು ಕುಳಿತು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನಿಮ್ಮ ಎದಿ ಮ್ಯಾಲೆ ಕೈ ಇಟ್ಟು, ಉಸುರು ಐತೋ ಇಲ್ಲೋ ಅಂತ ನೋಡಕೋತ ಕುಂದರತೇನ್ರಿ. ಒಂದಿನ ನನಗ ಜಂಪು ಹತ್ತಿದ್ರ ಏನ್ ಗತಿ ಅಂತ ಹೆದರಿಕಿ. ನೀವು ನೋಡಿದ್ರ ಹೋಳಿಗಿ ಉಣ್ಣಾಕತ್ತೀರಿ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮ್ಯಾಡಮ್ ಬೆಲ್ಲವನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಹೊಸಾ ತಾರೀಖು ಕೊಡತೇನಿ. ಆದ್ರ ಇವತ್ತಿನಿಂದ ಫೋನ್ ನಾ ಮಾಡತೇನಿ. ನೀವು ಎತ್ತಲಿಲ್ಲ ಅಂದ್ರ ಮತ್ತ ಮಾಡತೇನಿ!"

ಖರೇನೇ ಮಾಡಿದರು! ಯಾರ ಫೋನನ್ನೂ ಎತ್ತದ ಆ ಮಹಾತಾಯಿ ಊಟದ ಹೊತ್ತಿಗೆ ಸರಿಯಾಗಿ ವಿಡಿಯೋ ಕಾಲ್ ಮಾಡಿ, "ತಾಟು ತೋರಿಸ್ರಿ" ಎನ್ನುತ್ತಿದ್ದರು. ಒಂದು ದಿನ ಗಂಗವ್ವ ಡಬ್ಬಿ ಕಟ್ಟಿಕೊಂಡು ಮನೆಗೇ ಬಂದು, ನಾನು ಬೇಡ ಬೇಡ ಎಂದರೂ ಹೋಳಿಗೆ ಬಡಿಸಿಬಿಟ್ಟಳು. ಅದೇ ಹೊತ್ತಿಗೆ ಫೋನ್! ನಾನು ಮೆಲ್ಲಗೆ ಫೋನನ್ನು ಮೇಲಕ್ಕೆ ತಿರುಗಿಸಿದೆ.

"ಫ್ಯಾನ್ ಬ್ಯಾಡ್ರಿ, ತಾಟು! ಬಾಜೂಕ ಯಾರದಾರ? ತಂಗೀನ? ಫೋನ್ ಕೊಡ್ರಿ ಅವರಿಗೆ. ಅಕ್ಕಾರ, ನಿಮಗ ಅಣ್ಣ ಬೇಕೋ, ಹೋಳಿಗಿ ಬೇಕೋ?"

ಗಂಗವ್ವ ತಾಟು ಎತ್ತಿಕೊಂಡು ಒಳಗೆ ಹೋದಳು. ಬರುವಾಗ ಮಜ್ಜಿಗೆ ತಂದಳು.

ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಸರ್ಜನ್ ಕೈಗುಣ ದೊಡ್ಡದು, ಕೈಮುಗಿಯುತ್ತೇನೆ. ಆದರೆ ನನ್ನನ್ನು ಆ ಟೇಬಲ್ಲಿನ ತನಕ ಮುಟ್ಟಿಸಿದ್ದು ಮ್ಯಾಡಮ್. ಅವರ ಋಣ ನಾನು ತೀರಿಸಲಾರೆ. ಬೆಲ್ಲವನ್ನಂತೂ ಅವರು ಮುಟ್ಟುವುದಿಲ್ಲ! ಈಗ ನಾನು ಅರ್ಧ ಬಟ್ಟಲು ಗಂಜಿಗೆ ಸುಸ್ತಾಗುತ್ತೇನೆ. ಗೊರಕೆ ಅಡಗಿದೆ, ಉಸಿರು ನಿಂತಿಲ್ಲ.

ಮೊನ್ನೆ ಮಧ್ಯಾಹ್ನ ಫೋನ್ ಬಂದಾಗ ನಾನು ಪಿಸುಗುಟ್ಟಿದೆ: "ಮೆಲ್ಲಕ ಮಾತಾಡ್ರಿ ಮ್ಯಾಡಮ್, ನಮ್ಮ ಮನಿಯಾಕಿ ಮಲಗ್ಯಾಳ."

"ಯಾಕ್ರಿ, ಆರಾಮ ಇಲ್ಲೇನು?" ಮ್ಯಾಡಮ್ ಗಾಬರಿಯಾದರು.

"ಆರಾಮ ಆಗ್ಯಾಳ್ರಿ. ಅದಕ್ಕ ಮಲಗ್ಯಾಳ."

ಫೋನ್ ಇಟ್ಟು ಆಕೆಯ ಪಕ್ಕದಲ್ಲಿ ಕುಳಿತೆ. ವರ್ಷಗಳ ಬಾಕಿ ನಿದ್ದೆಯನ್ನೆಲ್ಲ ಸುವರ್ಣಾ ಈಗ ಮಾಡಿ ಮುಗಿಸುತ್ತಿದ್ದಾಳೆ. ಗಾದಿಗೆ ಬೆನ್ನು ಹಚ್ಚಿದರೆ ಸಾಕು, ಗೊರಕೆ ಶುರು. ನನಗೆ ಕಣ್ಣು ಮುಚ್ಚಲು ಆಗುವುದಿಲ್ಲ!

ಮಲಗುವುದರಲ್ಲಿ ನನ್ನನ್ನು ಸೋಲಿಸುವವರು ಬನಹಟ್ಟಿಯಲ್ಲಿ ಇಲ್ಲ ಎಂದಿದ್ದೆನಲ್ಲ, ಆ ಮಾತು ವಾಪಸು ತೆಗೆದುಕೊಂಡಿದ್ದೇನೆ. ಇದ್ದಾರೆ. ನಮ್ಮ ಮನೆಯಲ್ಲೇ ಇದ್ದಾರೆ!